ಸೂರು ಹತ್ತದೆ ಅಳತೆ ಸಿಗುತ್ತಾ? ಸಾಫ್ಟ್‌ವೇರ್ ಕೊಳ್ಳುವ ಮುಂಚೆ ಒಂದು ಮಾತು

ಪ್ರಶ್ನೆ: ನಾನು ಮದ್ದೂರಿನ ಕಡೆಯವನು. 12 ವರ್ಷದಿಂದ ಶೀಟ್ ಮತ್ತು ಹೆಂಚಿನ ಚಾವಣಿ ಕೆಲಸ ಕಾಂಟ್ರ್ಯಾಕ್ಟ್ ಹಿಡಿದು ಮಾಡಿಸುತ್ತಿದ್ದೇನೆ. ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣ, ಮೈಸೂರು ಎಲ್ಲ ಕಡೆ ಓಡಾಟ. ಒಂದು ಅಳತೆಗೆ ಅಂತ 40-50 ಕಿಲೋಮೀಟರ್ ಹೋದರೆ ಅರ್ಧ ದಿನ ಹೋಯಿತು. ಹತ್ತು ಕಡೆ ಹೋದರೆ ಕೆಲಸ ಸಿಗುವುದು ಮೂರೋ ನಾಲ್ಕೋ ಕಡೆ. ಈಗ ಒಬ್ಬರು ಬಂದು, ಉಪಗ್ರಹದ ಚಿತ್ರ ನೋಡಿ ಆಫೀಸಿನಲ್ಲೇ ಕುಳಿತು ಅಳತೆ ತೆಗೆಯುವ ಸಾಫ್ಟ್‌ವೇರ್ ಇದೆ, 99 ಪರ್ಸೆಂಟ್ ಕರೆಕ್ಟು, ಒಂದು ವರ್ಷದ ಹಣ ಒಟ್ಟಿಗೆ ಕಟ್ಟಿ ಅನ್ನುತ್ತಿದ್ದಾರೆ. ಡಿಪ್ಲೊಮಾ ಓದುವ ಮಗ ಅಮೆರಿಕದ ವಿಡಿಯೊ ತೋರಿಸಿ ತಗೊಳ್ಳಪ್ಪ ಅಂತಾನೆ. ಸ್ನೇಹಿತರೊಬ್ಬರು ಗೂಗಲ್ ಅರ್ಥ್ ಸಾಕು ಅಂತಾರೆ. ಇನ್ನೊಬ್ಬರು ಡ್ರೋನ್ ಅಂತಾರೆ. ಅಳತೆ ತಪ್ಪಿದರೆ ನಷ್ಟ ನನ್ನ ತಲೆಗೇ ಬರುವುದು. ಯಾವುದನ್ನು ನಂಬಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಚಿಂತೆ ಸೇರಿಕೊಂಡಿವೆ. ಒಂದು, ಸಿಗದ ಕೆಲಸಕ್ಕೆ ಸುಮ್ನೆ ಪೆಟ್ರೋಲ್ ಸುಡುವುದು. ಇನ್ನೊಂದು, ಸಿಕ್ಕ ಕೆಲಸದಲ್ಲಿ ಅಳತೆ ತಪ್ಪಿ ಮಾಲು ಹಾಳಾಗುವುದು. ಮೊದಲನೆಯದಕ್ಕೆ ದೂರದಿಂದ ತೆಗೆಯುವ ಅಳತೆ ಒಳ್ಳೆಯ ಮದ್ದು. ಎರಡನೆಯದಕ್ಕೆ ಅದು ಮದ್ದಲ್ಲ, ಎಷ್ಟೋ ಸಲ ಅದೇ ಕಾಯಿಲೆ. ಸಾಫ್ಟ್‌ವೇರ್ ಮಾರುವವರು ಈ ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ ಕೊಡುತ್ತಾರೆ. ನೀವು ಬಿಚ್ಚಿ ಬೇರೆ ಬೇರೆ ಮಾಡಿ ನೋಡಬೇಕು.

ನಾನು ಇದನ್ನು ಕಲಿತದ್ದು ಕೈಸುಟ್ಟುಕೊಂಡು. ಮಂಡ್ಯದ ಕಡೆ ಒಂದು ಅಕ್ಕಿ ಗಿರಣಿಯ ಗೋಡೌನು. ಅಗಲ 50 ಅಡಿ, ಮಧ್ಯೆ ರಿಡ್ಜ್, ಅಂದರೆ ಎರಡು ಇಳಿಜಾರು ಸೇರುವ ನೆತ್ತಿಯ ಗೆರೆ, ಎರಡು ಕಡೆಗೂ 15 ಡಿಗ್ರಿ ಇಳಿಜಾರು. ಕಂಪ್ಯೂಟರಿನಲ್ಲಿ ಮೇಲಿನಿಂದ ಅಳೆದರೆ ಒಂದೊಂದು ಕಡೆ 25 ಅಡಿ ಬಂತು. ಸೂರಿನ ಚಾಚು ಸೇರಿಸಿ ಶೀಟ್‌ಗೆ ಆರ್ಡರ್ ಕೊಟ್ಟುಬಿಟ್ಟೆ. ಲಾರಿ ಬಂತು, ಹುಡುಗರು ಮೊದಲ ಶೀಟ್ ಎತ್ತಿ ಪರ್ಲಿನ್ (ಶೀಟ್ ಹೊರುವ ಅಡ್ಡಪಟ್ಟಿ) ಮೇಲೆ ಕೂರಿಸಿದರು, ಸೂರಿನ ಕಡೆ ಸರಿಮಾಡಿದರು. ಮೇಲೆ ನೋಡಿದರೆ ರಿಡ್ಜ್‌ಗೆ ಇನ್ನೂ ಹತ್ತೂವರೆ ಇಂಚು ಬಾಕಿ. ಆ ಕಡೆಯೂ ಅಷ್ಟೇ. ಎರಡೂ ಸೇರಿ ಒಂದೂಮುಕ್ಕಾಲು ಅಡಿ ಉದ್ದಕ್ಕೂ ಬಾಯಿ ತೆರೆದುಕೊಂಡಿತ್ತು. 25 ಅಡಿ ಅನ್ನುವುದು ನೆಲದ ಮೇಲಿನ ಅಳತೆ. ಇಳಿಜಾರಿನ ಮೇಲೆ ಅದು 25 ಅಡಿ ಹತ್ತೂವರೆ ಇಂಚು. ಹೈಸ್ಕೂಲಿನ ಲಂಬಕೋನ ತ್ರಿಭುಜದ ಲೆಕ್ಕ. ಗೊತ್ತಿಲ್ಲದೆ ಅಲ್ಲ, ಪರದೆ ಮೇಲೆ ಅಷ್ಟು ಚೆನ್ನಾಗಿ ಕಾಣುತ್ತಿದ್ದ ಅಂಕಿಯನ್ನು ಮತ್ತೆ ಪರೀಕ್ಷಿಸಬೇಕು ಅಂತ ಅನ್ನಿಸಲೇ ಇಲ್ಲ.

ಶೀಟ್‌ನ ಸ್ವಭಾವವೇ ಹಾಗೆ. ಉದ್ದ ಜಾಸ್ತಿಯಾದರೆ ಕತ್ತರಿಸಬಹುದು, ಕಮ್ಮಿಯಾದರೆ ಬೆಳೆಸಲು ಆಗಲ್ಲ.

ನಿಮ್ಮ ಮಗ ತೋರಿಸಿದ ವಿಡಿಯೊ ಸುಳ್ಳಲ್ಲ. ಈಗಲ್‌ವ್ಯೂ, ನಿಯರ್‌ಮ್ಯಾಪ್, ಹೋವರ್, ರೂಫ್‌ಸ್ನ್ಯಾಪ್ ಇವೆಲ್ಲ ಅಲ್ಲಿ ದಿನನಿತ್ಯ ಬಳಸುವ ಸಾಧನಗಳು. ಆದರೆ ಅಲ್ಲಿ ಯಾಕೆ ನಡೆಯುತ್ತದೆ ಅನ್ನುವುದನ್ನು ನೋಡಿ. ಈಗಲ್‌ವ್ಯೂ, ನಿಯರ್‌ಮ್ಯಾಪ್‌ನಂಥವರು ವಿಮಾನ ಹಾರಿಸಿ ಚಿತ್ರ ತೆಗೆಯುತ್ತಾರೆ. ನೇರ ಮೇಲಿನಿಂದ ಮಾತ್ರ ಅಲ್ಲ, ಓರೆಯಾಗಿ ಬೇರೆ ಬೇರೆ ದಿಕ್ಕಿನಿಂದಲೂ ತೆಗೆಯುತ್ತಾರೆ. ಹಾಗಾಗಿ ಕೆಲವೇ ಇಂಚಿನ ವಿವರ ಕಾಣುತ್ತದೆ, ಇಳಿಜಾರೂ ಲೆಕ್ಕಕ್ಕೆ ಸಿಗುತ್ತದೆ. ನಿಯರ್‌ಮ್ಯಾಪ್ ಹುಟ್ಟಿದ್ದು ಆಸ್ಟ್ರೇಲಿಯಾದಲ್ಲಿ, ಈಗಲ್‌ವ್ಯೂ ಅಮೆರಿಕದ್ದು. ಅವರ ವಿಮಾನಗಳು ನಮ್ಮ ಪಾಂಡವಪುರದ ಮೇಲೆ ಹಾರಿಲ್ಲ. ಆ ಚಿತ್ರಗಳಿಲ್ಲದೆ ಸಾಫ್ಟ್‌ವೇರ್ ಮಾತ್ರ ಕೊಂಡರೆ ನಿಮ್ಮ ಕೈಗೆ ಸಿಗುವುದು ಗೆರೆ ಎಳೆಯುವ ಹಲಗೆ, ಅಷ್ಟೇ.

ಇನ್ನೂ ಮುಖ್ಯವಾದ ವ್ಯತ್ಯಾಸ ಕೆಲಸದ್ದು. ಅಲ್ಲಿನ ಮನೆಗಳ ಮೇಲೆ ಹೆಚ್ಚಾಗಿ ಹಾಸುವುದು ಡಾಂಬರಿನ ಶಿಂಗಲ್. ಬಂಡಲ್ ಲೆಕ್ಕದಲ್ಲಿ ಬರುತ್ತದೆ, ಸಾಮಾನ್ಯವಾಗಿ 3 ಬಂಡಲ್‌ಗೆ ಒಂದು ಸ್ಕ್ವೇರ್, ಅಂದರೆ 100 ಚದರಡಿ. ನಮ್ಮ ಕಡೆ ಮನೆ ಎಷ್ಟು ಚದರ ಅಂತ ಕೇಳುತ್ತೇವಲ್ಲ, ಆ ಚದರವೂ ಅದೇ 100 ಚದರಡಿ. ಅವರ ರಿಪೋರ್ಟ್ ಓದುವಾಗ ಈ ಒಂದು ವಿಷಯ ಅನುಕೂಲ. ಶಿಂಗಲ್ಲನ್ನು ಚಾವಣಿಯ ಮೇಲೇ ಕತ್ತರಿಸಿ ಕೂರಿಸುತ್ತಾರೆ. ಅಳತೆ ಅರ್ಧ ಅಡಿ ಆಚೆ ಈಚೆ ಆದರೆ ವೇಸ್ಟೇಜಿನಲ್ಲಿ ಮುಚ್ಚಿಹೋಗುತ್ತದೆ. ಅವರಿಗೆ ಬೇಕಾದದ್ದು ಒಟ್ಟು ವಿಸ್ತೀರ್ಣ. ನಿಮಗೆ ಬೇಕಾದದ್ದು ಒಂದೊಂದು ಶೀಟ್‌ನ ಉದ್ದ, ಫ್ಯಾಕ್ಟರಿಯಲ್ಲಿ ಕತ್ತರಿಸಲು ಬರೆದುಕೊಡುವ ಉದ್ದ. ಜೊತೆಗೆ ಅಲ್ಲಿ ಜಾಸ್ತಿ ನಡೆಯುವುದು ಹಳೆ ಚಾವಣಿ ಕಿತ್ತು ಹೊಸದು ಹಾಸುವ ಕೆಲಸ. ಚಿತ್ರದಲ್ಲಿ ಅಳೆಯಲು ಚಾವಣಿ ಇದ್ದೇ ಇರುತ್ತದೆ. ನಿಮ್ಮ ಕೆಲಸದಲ್ಲಿ ಎಷ್ಟು ಪಾಲು ತಾರಸಿ ಮೇಲೆ ಹೊಸದಾಗಿ ಶೀಟ್ ಹಾಕುವುದು, ಹೊಸ ಕೋಳಿ ಶೆಡ್ಡು, ಹೊಸ ರೇಷ್ಮೆ ಹುಳದ ಮನೆ? ಇನ್ನೂ ಕಟ್ಟದ ಚಾವಣಿಯನ್ನು ಯಾವ ಉಪಗ್ರಹವೂ ಅಳೆಯಲ್ಲ.

ಈಗ ಆ 99 ಪರ್ಸೆಂಟಿಗೆ ಬರೋಣ. ಮಾರಾಟಕ್ಕೆ ಸಿಗುವ ಉಪಗ್ರಹ ಚಿತ್ರಗಳಲ್ಲಿ ಅತಿ ಸ್ಪಷ್ಟವಾದವುಗಳಲ್ಲಿ ಒಂದು ಚುಕ್ಕೆ ಅಂದರೆ ನೆಲದ ಮೇಲೆ ಸುಮಾರು 30 ಸೆಂಟಿಮೀಟರ್, ಹತ್ತಿರ ಹತ್ತಿರ ಒಂದಡಿ. ಸೂರಿನ ಅಂಚು ಆ ಚುಕ್ಕೆಯ ಯಾವ ಭಾಗದಲ್ಲಿದೆ ಅಂತ ಯಾರೂ ಹೇಳಲಾರರು. ಕ್ಲಿಕ್ ಮಾಡುವ ಕೈ ಒಂದು ಚುಕ್ಕೆ ಆಚೆ ಹೋದರೆ ಏನಾಗುತ್ತದೆ ನೋಡಿ. 30×40 ಅಳತೆಯ ಮನೆಯ ಮೇಲೆ ಸುತ್ತಲೂ 2 ಅಡಿ ಸೂರು ಬಿಟ್ಟ ಚಾವಣಿ ಅಂದರೆ 34×44, ಅಂದರೆ 1,496 ಚದರಡಿ. ನಾಲ್ಕೂ ಕಡೆ ಒಂದೊಂದು ಅಡಿ ಹೊರಗೆ ಕ್ಲಿಕ್ ಆದರೆ 36×46, ಅಂದರೆ 1,656. ನೂರಾ ಅರವತ್ತು ಚದರಡಿ ವ್ಯತ್ಯಾಸ, ಹತ್ತು ಪರ್ಸೆಂಟಿಗಿಂತ ಜಾಸ್ತಿ. ದೊಡ್ಡ ಫ್ಯಾಕ್ಟರಿ ಶೆಡ್ಡಿಗೆ ಇದೇ ಒಂದಡಿ ತಪ್ಪು ಅಷ್ಟಾಗಿ ಲೆಕ್ಕಕ್ಕೆ ಬರಲ್ಲ. ಮೈಸೂರಿನ ಹೆಬ್ಬಾಳ, ಮೇಟಗಳ್ಳಿ ಕೈಗಾರಿಕಾ ಪ್ರದೇಶದ 200 ಅಡಿ ಶೆಡ್ಡಿನ ಉದ್ದಕ್ಕೆ 99 ಪರ್ಸೆಂಟ್ ನಿಜವೂ ಆಗಬಹುದು, ಬೋಗಾದಿಯ ಮನೆಯಲ್ಲಿ ಅದೇ ಸಾಫ್ಟ್‌ವೇರ್ 90ಕ್ಕೂ ಇಳಿಯಬಹುದು. ಹಾಗಾಗಿ ಯಾರಾದರೂ ಪರ್ಸೆಂಟ್ ಹೇಳಿದರೆ, ಯಾವ ಕಟ್ಟಡದಲ್ಲಿ ಅಂತ ಕೇಳಿ.

ಚಿತ್ರ ಓರೆಯಾಗಿರುವುದು ಇನ್ನೊಂದು ತೊಂದರೆ. ಉಪಗ್ರಹ ಯಾವಾಗಲೂ ನೆತ್ತಿಯ ಮೇಲಿಂದ ನೋಡುವುದಿಲ್ಲ. ಪರದೆಯ ಮೇಲೆ ಕಟ್ಟಡದ ಒಂದು ಕಡೆಯ ಗೋಡೆ ಕಾಣುತ್ತಿದ್ದರೆ ಆ ಚಿತ್ರ ಓರೆ ಅಂತ ಅರ್ಥ. ಆಗ ಎತ್ತರದಲ್ಲಿರುವ ರಿಡ್ಜ್ ತನ್ನ ಜಾಗದಿಂದ ಸರಿದಂತೆ ಕಾಣುತ್ತದೆ. ಎರಡು ಇಳಿಜಾರು ಸಮ ಇದ್ದರೂ ಒಂದು ದೊಡ್ಡದು, ಒಂದು ಚಿಕ್ಕದು ಅನ್ನಿಸುತ್ತದೆ. ಸೂರಿನಿಂದ ಸೂರಿಗೆ ಅಳೆಯಿರಿ, ಎರಡೂ ಸೂರು ಒಂದೇ ಎತ್ತರದಲ್ಲಿದ್ದರೆ ಆ ಅಳತೆ ಕೆಡುವುದಿಲ್ಲ. ರಿಡ್ಜ್‌ನಿಂದ ಸೂರಿಗೆ ಪರದೆ ಮೇಲೆ ಅಳೆಯಲೇಬೇಡಿ.

ನಮ್ಮ ಕಡೆಯ ತೊಂದರೆ ಅಂದರೆ ತೆಂಗಿನ ಮರ. ಮಂಡ್ಯದ ಹಳ್ಳಿಮನೆ, ಆಲೆಮನೆ ಯಾವುದನ್ನೇ ತೆಗೆಯಿರಿ, ಚಾವಣಿಯ ಒಂದು ಮೂಲೆ ಗರಿಗಳ ಕೆಳಗೆ ಇರುತ್ತದೆ. ಸಾಫ್ಟ್‌ವೇರ್ ಅಲ್ಲಿ ಒಂದು ನೇರ ಗೆರೆ ಊಹಿಸಿ ಎಳೆದುಬಿಡುತ್ತದೆ. ಆ ಗರಿಗಳ ಕೆಳಗೆ ಹಿಂದಿನ ವರ್ಷ ಸೇರಿಸಿದ ದನದ ಕೊಟ್ಟಿಗೆಯ ಇಳಿಸೂರು ಇರಬಹುದು. ತೊಟ್ಟಿಮನೆ ಇನ್ನೂ ಕಷ್ಟ. ನಾಲ್ಕು ಕಡೆಯ ಹೆಂಚು ಒಳಗಿನ ತೊಟ್ಟಿಯ ಕಡೆ ಇಳಿಯುತ್ತದೆ, ಮೂಲೆಗಳಲ್ಲಿ ಎರಡು ಇಳಿಜಾರು ಸೇರಿ ನೀರು ಹರಿಯುವ ಕಣಿವೆ ಆಗುತ್ತದೆ. ಸೋರುವುದೂ ಅಲ್ಲೇ, ಮಾಲು ಜಾಸ್ತಿ ಹಿಡಿಯುವುದೂ ಅಲ್ಲೇ. ಮೇಲಿನಿಂದ ನೋಡುವ ಕಂಪ್ಯೂಟರಿಗೆ ಅದು ಮಧ್ಯೆ ತೂತಿರುವ ಒಂದು ಚೌಕ. ಇಂಥ ಮನೆಯನ್ನು ನಾನು ಇವತ್ತಿಗೂ ಏಣಿ ಇಟ್ಟೇ ಅಳೆಯುವುದು.

ಗೂಗಲ್ ಅರ್ಥ್ ಸಾಕು ಅನ್ನುವ ನಿಮ್ಮ ಸ್ನೇಹಿತರ ಮಾತಿನಲ್ಲಿ ಅರ್ಧ ಸತ್ಯ ಇದೆ. ಕಂಪ್ಯೂಟರಿಗೆ ಹಾಕಿಕೊಳ್ಳುವ ಗೂಗಲ್ ಅರ್ಥ್ ಪ್ರೊ 2015ರಿಂದ ಉಚಿತ. ಅದರ ಅಳತೆಪಟ್ಟಿಯಲ್ಲಿ ಬಹುಭುಜ ಎಳೆದರೆ ವಿಸ್ತೀರ್ಣ ಬರುತ್ತದೆ. ಚಿತ್ರ ತೆಗೆದ ತಾರೀಖು ಕೆಳಗೆ ಕಾಣುತ್ತದೆ, ಹಳೆಯ ಚಿತ್ರಗಳಿಗೂ ಹೋಗಬಹುದು. ಬೇಸಿಗೆಯ ಸ್ಪಷ್ಟ ಚಿತ್ರ ಹುಡುಕಲು ಇದು ತುಂಬಾ ಉಪಯೋಗ. ಆದರೆ ಅದು ಕೊಡುವುದು ನೆಲದ ಅಳತೆ. ಇಳಿಜಾರನ್ನು ನೀವು ಸೇರಿಸಬೇಕು. 15 ಡಿಗ್ರಿಗೆ 1.035ರಿಂದ ಗುಣಿಸಿ, 20ಕ್ಕೆ 1.064, 25ಕ್ಕೆ 1.103, 30ಕ್ಕೆ 1.155, 35ಕ್ಕೆ 1.221. ಇದನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್ ಪಕ್ಕ ಅಂಟಿಸಿ.

ಇಲ್ಲಿ ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿರಲ್ಲ. ಎಲ್ಲ ಕಡೆ ಇಳಿಜಾರು ಒಂದೇ ಇದ್ದರೆ, ಚಾವಣಿ ಎರಡು ಕಡೆ ಇಳಿದರೂ ಒಂದೇ, ನಾಲ್ಕು ಕಡೆ ಇಳಿದರೂ ಒಂದೇ, ಒಟ್ಟು ವಿಸ್ತೀರ್ಣ ಬದಲಾಗಲ್ಲ. ನೆಲದ ವಿಸ್ತೀರ್ಣವನ್ನು ಮೇಲಿನ ಅಂಕಿಯಿಂದ ಗುಣಿಸಿದರೆ ಆಯಿತು. ಬದಲಾಗುವುದು ರಿಡ್ಜ್ ಉದ್ದ ಮತ್ತು ಮೂಲೆ ಕತ್ತರಿಸಿದ ವೇಸ್ಟೇಜು. ನಾಲ್ಕು ಕಡೆ ಇಳಿಯುವ ಚಾವಣಿಗೆ ಶೀಟ್ ಹಾಕಿದರೆ ಓರೆಯಾಗಿ ಕತ್ತರಿಸಿದ ತುಂಡುಗಳು ಎಷ್ಟು ಉಳಿಯುತ್ತವೆ ಅಂತ ನಿಮಗೆ ನಾನು ಹೇಳಬೇಕಿಲ್ಲ.

ಇಳಿಜಾರು ಎಲ್ಲಿ ಮುಖ್ಯ, ಎಲ್ಲಿ ಅಲ್ಲ ಅನ್ನುವುದನ್ನೂ ತಿಳಿದಿರಿ. ಅದೇ 34×44 ಚಾವಣಿಗೆ 30 ಡಿಗ್ರಿಯಲ್ಲಿ ಮಂಗಳೂರು ಹೆಂಚು ಹಾಕಿದರೆ 1,727 ಚದರಡಿ ಬೇಕು. 1,496 ಅಂತ ಲೆಕ್ಕ ಹಾಕಿದವರಿಗೆ 231 ಚದರಡಿ, ಅಂದರೆ 300ಕ್ಕೂ ಜಾಸ್ತಿ ಹೆಂಚು ಕಮ್ಮಿ ಬೀಳುತ್ತದೆ. ಅದೇ ತಾರಸಿ ಮೇಲೆ 6 ಡಿಗ್ರಿಯ ಶೀಟ್ ಆದರೆ ವ್ಯತ್ಯಾಸ ಬರೀ 8 ಚದರಡಿ. ತಾರಸಿ ಕೆಲಸಕ್ಕೆ ಇಳಿಜಾರಿನ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ, ಅಂಚಿನ ಬಗ್ಗೆ ಕೆಡಿಸಿಕೊಳ್ಳಿ. ಹೆಂಚಿನ ಕೆಲಸಕ್ಕೆ ಎರಡೂ ಬೇಕು.

ಇಳಿಜಾರನ್ನು ಚಾವಣಿ ಹತ್ತದೆ ತಿಳಿಯುವುದು ಹೇಗೆ? ಪಕ್ಕದ ತ್ರಿಕೋನದ ಗೋಡೆಯ ಎದುರು ನೇರವಾಗಿ, ಸ್ವಲ್ಪ ದೂರದಲ್ಲಿ ನಿಲ್ಲಿ. ಫೋನಿನ ಮಟ್ಟ ನೋಡುವ ಆ್ಯಪ್ ತೆರೆದು, ಫೋನಿನ ಅಂಚನ್ನು ಇಳಿಜಾರಿನ ಗೆರೆಗೆ ಕಣ್ಣಳತೆಯಲ್ಲಿ ಹೊಂದಿಸಿ. ಡಿಗ್ರಿ ಬರುತ್ತದೆ. ಎರಡು ಮೂರು ಸಲ ನೋಡಿ. ಎದುರು ನಿಲ್ಲದೆ ಓರೆಯಾಗಿ ನಿಂತರೆ ಅಂಕಿ ಸುಳ್ಳಾಗುತ್ತದೆ. ಗ್ರಾಹಕರೇ ಇಂಥ ಒಂದು ಫೋಟೊ ವಾಟ್ಸ್ಆ್ಯಪ್‌ನಲ್ಲಿ ಕಳಿಸಿದರೆ ಕೊಟೇಶನ್‌ಗೆ ಸಾಕು. ಜೊತೆಗೆ ಲೊಕೇಶನ್ನು, ಮುಂದಿನ ಗೋಡೆಯ ಉದ್ದವನ್ನು ಟೇಪಿನಲ್ಲಿ ಅಳೆದ ಒಂದೇ ಒಂದು ಅಂಕಿ ಕೇಳಿ. ಆ ಒಂದು ಅಂಕಿಯಿಂದ ಪರದೆಯ ಅಳತೆ ಸರಿಯಿದೆಯಾ ಅಂತ ತಾಳೆ ನೋಡಬಹುದು. ಹೊಲದ ಮಧ್ಯದ ಶೆಡ್ಡು ಗುರುತಿಸಲು ಸರ್ವೆ ನಂಬರ್ ಇದ್ದರೆ, ಅದನ್ನು ನಕ್ಷೆಯ ಮೇಲೆ ತೋರಿಸುವ ದಿಶಾಂಕ್ ಆ್ಯಪ್ ಸಹಾಯಕ್ಕೆ ಬರುತ್ತದೆ.

ಫೋನಿನಲ್ಲಿ ಮನೆಯ ಸುತ್ತ ಫೋಟೊ ತೆಗೆದು ಅದರಿಂದ 3ಡಿ ಮಾದರಿ ಕಟ್ಟುವ ಸಾಫ್ಟ್‌ವೇರ್‌ಗಳೂ ಇವೆ, ಹೋವರ್ ಅಂಥದ್ದೇ. ಅದಕ್ಕೆ ನಾಲ್ಕು ಕಡೆಯೂ ಸ್ವಲ್ಪ ದೂರ ನಿಲ್ಲಲು ಜಾಗ ಬೇಕು. ಮೈಸೂರಿನ ಅಗ್ರಹಾರದ ಗೋಡೆಗೆ ಗೋಡೆ ಅಂಟಿದ ಮನೆಗೆ ಅದು ಆಗಲ್ಲ. ತೋಟದ ಮನೆಗೆ ಆದೀತು. ಐಫೋನ್ ಪ್ರೊಗಳಲ್ಲಿರುವ ಲೈಡಾರ್ (ಬೆಳಕು ಬಿಟ್ಟು ದೂರ ಅಳೆಯುವ ಸಾಧನ) ಸುಮಾರು 5 ಮೀಟರ್‌ವರೆಗೆ ಮಾತ್ರ ಕೆಲಸ ಮಾಡುತ್ತದೆ, ತಾರಸಿಯ ಮೇಲೆ ಪರವಾಗಿಲ್ಲ, ಎತ್ತರದ ಶೆಡ್ಡಿಗೆ ಸಾಲದು.

ಡ್ರೋನ್ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇದೆ. 30 ಮೀಟರ್ ಎತ್ತರದಿಂದ ಒಳ್ಳೆಯ ಕ್ಯಾಮೆರಾ ತೆಗೆದ ಚಿತ್ರದಲ್ಲಿ ಒಂದು ಚುಕ್ಕೆ ಸುಮಾರು 1 ಸೆಂಟಿಮೀಟರ್. ಉಪಗ್ರಹದ ಒಂದಡಿಯ ಎದುರು ಇದು ಹೋಲಿಕೆಗೇ ಸಿಗಲ್ಲ. ಪಕ್ಕ ಪಕ್ಕದ ಚಿತ್ರಗಳು 70-80 ಪರ್ಸೆಂಟ್ ಒಂದರ ಮೇಲೊಂದು ಬರುವಂತೆ ತೆಗೆದು, ವೆಬ್‌ಒಡಿಎಂನಂಥ ಉಚಿತ ತಂತ್ರಾಂಶಕ್ಕೋ ಪಿಕ್ಸ್4ಡಿ, ಡ್ರೋನ್‌ಡಿಪ್ಲಾಯ್‌ನಂಥ ಹಣದ ತಂತ್ರಾಂಶಕ್ಕೋ ಹಾಕಿದರೆ ಇಳಿಜಾರು ಸಮೇತ ಚಾವಣಿಯ ಮಾದರಿ ಬರುತ್ತದೆ. ಒಂದೇ ಎಚ್ಚರ: ಹಾರಿಸುವ ಮುಂಚೆ ಅಂಗಳದಲ್ಲಿ ಎರಡು ಬಿಳಿ ತಟ್ಟೆ ಇಟ್ಟು, ಮಧ್ಯದ ದೂರ ಟೇಪಿನಲ್ಲಿ ಸರಿಯಾಗಿ 5 ಮೀಟರ್ ಮಾಡಿ. ಮಾದರಿಯಲ್ಲಿ ಅದು 5.06 ಅಂತ ಬಂದರೆ ಇಡೀ ಮಾದರಿ ಅಷ್ಟು ಪಾಲು ಹಿಗ್ಗಿದೆ ಅಂತ ಅರ್ಥ, ಅಷ್ಟು ಕುಗ್ಗಿಸಬೇಕು. ಡ್ರೋನ್‌ನ ಸಾಧಾರಣ ಜಿಪಿಎಸ್ ಮೇಲೆ ಭಾರ ಹಾಕಬೇಡಿ.

ಆದರೆ ಸ್ವಂತ ಡ್ರೋನ್ ಕೊಳ್ಳಿ ಅಂತ ನಾನು ಹೇಳಲ್ಲ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನ ನ್ಯಾನೊ ಡ್ರೋನ್‌ಗೆ ಪೈಲಟ್ ಪ್ರಮಾಣಪತ್ರ ಬೇಡ. ಅದಕ್ಕಿಂತ ಭಾರವಾದದ್ದನ್ನು ದುಡಿಮೆಗೆ ಬಳಸಿದರೆ ಬೇಕು. ತರಬೇತಿಗೆ 10ನೇ ತರಗತಿ ಪಾಸಾಗಿರಬೇಕು. ವಿದೇಶದಲ್ಲಿ ತಯಾರಾದ ಡ್ರೋನ್ ಆಮದನ್ನು 2022ರ ಫೆಬ್ರವರಿಯಲ್ಲಿ ನಿಷೇಧಿಸಿದ್ದಾರೆ, ಯಾರೋ ತಂದುಕೊಡುತ್ತಾರೆ ಅಂತ ದುಡ್ಡು ಕೊಡಬೇಡಿ. ವಿಮಾನ ನಿಲ್ದಾಣದಿಂದ 8ರಿಂದ 12 ಕಿಲೋಮೀಟರ್ ನಡುವೆ 200 ಅಡಿ ಎತ್ತರದವರೆಗೆ ಮಾತ್ರ ಹಸಿರು ವಲಯ, ಅಂದರೆ ಅನುಮತಿ ಇಲ್ಲದೆ ಹಾರಿಸಬಹುದಾದ ಜಾಗ, ಅದಕ್ಕಿಂತ ಹತ್ತಿರಕ್ಕೆ ಅನುಮತಿ ಬೇಕು. ಮಂಡಕಳ್ಳಿ ನಿಲ್ದಾಣದಿಂದ 8 ಕಿಲೋಮೀಟರ್ ಅಂದರೆ ಮೈಸೂರಿನ ಎಷ್ಟೋ ಬಡಾವಣೆ ಒಳಗೆ ಬರುತ್ತವೆ. ಮೈಸೂರಿನಲ್ಲಿ ನೋಟು ಮುದ್ರಣಾಲಯವಿದೆ, ಹತ್ತಿರದಲ್ಲೇ ಕೆಆರ್‌ಎಸ್ ಅಣೆಕಟ್ಟೆ ಇದೆ. ಇಂಥ ಜಾಗಗಳ ಸುತ್ತ ನಿರ್ಬಂಧ ಇರಬಹುದು, ಹಾಗಾಗಿ ಹಾರಿಸುವ ಮುಂಚೆ ಪ್ರತಿ ಸಲ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು. ಪ್ರಮಾಣಪತ್ರ ಇರುವವರನ್ನು ದಿನಗೂಲಿಗೆ ಕರೆಸಿ, ದೊಡ್ಡ ಕೆಲಸ ಬಂದಾಗ ಮಾತ್ರ. ಮದುವೆ ವಿಡಿಯೊ ಹುಡುಗರ ಹತ್ತಿರ ಡ್ರೋನ್ ಇದೆ ಅಂತ ಕರೆದರೆ ಮೊದಲು ಆ ಪತ್ರ ಕೇಳಿ.

ದೂರದ ಅಳತೆಯ ಬಗ್ಗೆ ನನಗೆ ಇಷ್ಟು ಕಾಳಜಿ ಇರಲು ಪೆಟ್ರೋಲ್ ಖರ್ಚಷ್ಟೇ ಕಾರಣ ಅಲ್ಲ. ನಮ್ಮ ಗುಂಪಿನ ಹುಡುಗನೊಬ್ಬ ಹಳೆ ಸಿಮೆಂಟ್ ಶೀಟ್ ಮೇಲೆ ಟೇಪ್ ಹಿಡಿದು ನಡೆಯುತ್ತಾ ಪರ್ಲಿನ್ ಬಿಟ್ಟು ಮಧ್ಯಕ್ಕೆ ಕಾಲಿಟ್ಟ. ಬಿಸಿಲು ಮಳೆಗೆ ಕಪ್ಪಾಗಿ ಪಾಚಿ ಹಿಡಿದ ಶೀಟು, ಬಿಸ್ಕತ್ತಿನ ಹಾಗೆ ಮುರಿಯಿತು. ಕೆಳಗೆ ಹತ್ತಿಯ ಮೂಟೆಗಳಿದ್ದವು, ಸೊಂಟ ಉಳಿಯಿತು. ಎಲ್ಲರಿಗೂ ಮೂಟೆ ಸಿಗುವುದಿಲ್ಲ. ಹಳೆ ಸಿಮೆಂಟ್ ಶೀಟಿನ ಮೇಲೆ ಬರೀ ಅಳತೆಗೆ ಅಂತ ದಯವಿಟ್ಟು ಯಾರನ್ನೂ ಹತ್ತಿಸಬೇಡಿ. ಅಂಥ ಕಡೆ ಕೆಳಗಿನಿಂದ ಲೇಸರ್ ಮೀಟರ್‌ನಲ್ಲಿ ಅಳೆಯಿರಿ. ಕೆಲವು ಸಾವಿರ ರೂಪಾಯಿಯ ಲೇಸರ್ ಮೀಟರ್ 40 ಮೀಟರ್‌ವರೆಗೆ ಒಂದೆರಡು ಮಿಲಿಮೀಟರ್ ವ್ಯತ್ಯಾಸದಲ್ಲಿ ಅಳೆದುಕೊಡುತ್ತದೆ. ಮಧ್ಯಾಹ್ನದ ಬಿಸಿಲಲ್ಲಿ ಕೆಂಪು ಚುಕ್ಕೆ ಕಾಣಲ್ಲ. ಬೆಳಗ್ಗೆ ಹೋಗಿ, ಅಥವಾ ಆ ತುದಿಯಲ್ಲಿ ಒಬ್ಬರ ಕೈಗೆ ಬಿಳಿ ರಟ್ಟು ಕೊಡಿ. ನನ್ನನ್ನು ಕೇಳಿದರೆ ನಿಮ್ಮ ಮೊದಲ ಖರ್ಚು ಇದಾಗಬೇಕು, ಸಾಫ್ಟ್‌ವೇರ್ ಅಲ್ಲ.

ಹೀಗೆ ಶುರುಮಾಡಿ. ಯಾರೇ ಫೋನ್ ಮಾಡಿದರೂ ಮೊದಲು ಗೂಗಲ್ ಅರ್ಥ್ ಅಳತೆ, ಗ್ರಾಹಕರ ಫೋಟೊ, ಒಂದು ಟೇಪಿನ ಅಂಕಿ, ಇಷ್ಟರ ಮೇಲೆ ಅಂದಾಜು ಕೊಟೇಶನ್ ಕಳಿಸಿ. ಅದರಲ್ಲಿ 'ಸ್ಥಳದ ಅಳತೆಯ ಮೇಲೆ ಅಂತಿಮ ಬಿಲ್' ಅಂತ ಒಂದು ಸಾಲು ಕಡ್ಡಾಯವಾಗಿ ಇರಲಿ. ಚದರಡಿಗೆ ರೇಟ್ ಬರೆಯಿರಿ, ಒಟ್ಟು ಮೊತ್ತವನ್ನೇ ಕಟ್ಟಿಹಾಕಬೇಡಿ. ಒಪ್ಪಿ ಅಡ್ವಾನ್ಸ್ ಕೊಟ್ಟವರ ಮನೆಗೆ ಮಾತ್ರ ಹೋಗಿ. ಶೀಟ್ ಕತ್ತರಿಸಲು ಬರೆದುಕೊಡುವ ಉದ್ದ ಮಾತ್ರ ಟೇಪಿನಿಂದಲೋ ಲೇಸರಿನಿಂದಲೋ ಬಂದಿರಬೇಕು. ಟ್ರಸ್ (ಚಾವಣಿ ಹೊರುವ ತ್ರಿಕೋನದ ಚೌಕಟ್ಟು) ನಿಂತಮೇಲೆ ಅಳೆದರೆ ಇನ್ನೂ ಒಳ್ಳೆಯದು. ಟ್ರಸ್ ಸೊಟ್ಟಗಿದ್ದರೆ ಈ ತುದಿಗೂ ಆ ತುದಿಗೂ ಎರಡು ಇಂಚು ವ್ಯತ್ಯಾಸ ಇರುತ್ತದೆ, ಅದು ನಿಮಗೆ ಗೊತ್ತಿರುವುದೇ.

ಇಷ್ಟಾದ ಮೇಲೂ ಆ ಸಾಫ್ಟ್‌ವೇರ್ ಬೇಕು ಅನ್ನಿಸಿದರೆ, ವರ್ಷದ ಹಣ ಕಟ್ಟುವ ಮುಂಚೆ ಅವರನ್ನು ಕೂರಿಸಿ ಕೇಳಿ: ಮದ್ದೂರಿನ ಚಿತ್ರ ಎಲ್ಲಿಂದ ಬರುತ್ತದೆ, ಯಾವ ತಿಂಗಳದ್ದು? ಇಳಿಜಾರನ್ನು ಅದೇ ಅಳೆಯುತ್ತಾ, ನಾನು ಹಾಕಬೇಕಾ? ಅಂಚು ತಪ್ಪಿದ್ದರೆ ನಾನೇ ಎಳೆದು ಸರಿಮಾಡಬಹುದಾ? ಒಂದೊಂದು ರಿಪೋರ್ಟಿಗೆ ಹಣ ಕೊಡುವ ದಾರಿ ಇದೆಯಾ? ಬಿಟ್ಟುಹೋದರೆ ನನ್ನ ಹಳೆ ಅಳತೆಗಳು ನನ್ನ ಹತ್ತಿರ ಉಳಿಯುತ್ತವಾ? ಇಳಿಜಾರಿನ ಪ್ರಶ್ನೆಗೆ ಅವರು ಮಾತು ತೇಲಿಸಿದರೆ ಅಲ್ಲಿಗೇ ಬಿಡಿ.

ಅದಕ್ಕಿಂತ ಗಟ್ಟಿ ಪರೀಕ್ಷೆ ನಿಮ್ಮ ಮನೆಯಲ್ಲೇ ಇದೆ. ನೀವು ಈಗಾಗಲೇ ಮುಗಿಸಿರುವ ಮೂರು ಕೆಲಸ ಆರಿಸಿ, ಒಂದು ಹೆಂಚಿನ ಮನೆ, ಒಂದು ದೊಡ್ಡ ಶೆಡ್ಡು, ಒಂದು ತೆಂಗಿನ ತೋಟದೊಳಗಿನ ಮನೆ. ನಿಮ್ಮ ಅಳತೆ ತೋರಿಸದೆ ಅವರ ಕೈಯಲ್ಲಿ ರಿಪೋರ್ಟ್ ಮಾಡಿಸಿ. ಬಂದ ಮೇಲೆ ಒಟ್ಟು ವಿಸ್ತೀರ್ಣ ನೋಡಬೇಡಿ, ಒಂದು ಕಡೆಯ ತಪ್ಪು ಇನ್ನೊಂದು ಕಡೆಯ ತಪ್ಪನ್ನು ಮುಚ್ಚಿ ಒಟ್ಟು ಸರಿ ಅನ್ನಿಸಿಬಿಡುತ್ತದೆ. ಸೂರಿನ ಉದ್ದ, ಇಳಿಜಾರಿನ ಉದ್ದ, ರಿಡ್ಜ್ ಉದ್ದ ಒಂದೊಂದಾಗಿ ತಾಳೆ ಹಾಕಿ. ಮಗನಿಗೂ ಇದು ಚೆನ್ನಾಗಿ ಬರುವ ಕೆಲಸ. ಈ ಭಾನುವಾರ ಆ ಮೂರು ಕೆಲಸದ ಅಳತೆ ಪುಸ್ತಕ ಅಟ್ಟದಿಂದ ಇಳಿಸಿ ಕೊಡಿ ಅವನಿಗೆ.